ತಹಕೂಬ ಆದ ಸಜಾ

೧೯೫೪ನೆಯ ಇಸವಿ ಜುಲೈ ಆರನೆಯ ತಾರೀಖು, ಮಂಗಳವಾರ, ಮುಂಜಾನೆ ಏಳೂವರೆ ಗಂಟೆಗೆ ಲಕ್ಕಲಕಟ್ಟಿಯಲ್ಲಿ ಸರಕಾರದ ಸುದ್ದಿ ಮುಟ್ಟಿಸುವ ವಾಲೀಕಾರ ಗ್ಯಾನಪ್ಪ ಹಾಲಸಿದ್ದಪ್ಪನ ಅಂಗಳಕ್ಕೆ ಬಂದು ನಿಂತ. ಸಾಲೆಯ ಮೊದಲ ಗಂಟೆ ಆಗಷ್ಟೇ ಬಾರಿಸಿತ್ತು. ಹಾಲಸಿದ್ದಪ್ಪ ಕಟ್ಟೆಯ ಮೇಲೆ ಕುಳಿತು ಉಣ್ಣೆಯ ಕದಿರು ತಿರುಗಿಸುತ್ತಿದ್ದ. ಗ್ಯಾನಪ್ಪ ಕೂಡಲಿಲ್ಲ. ಸರಕಾರದ ಮಾತು ಹೇಳುವಾಗ ಅವನು ಎಂದೂ ಕೂಡುತ್ತಿರಲಿಲ್ಲ.

"ಅಜ್ಜಾ, ಠಾಣೇದಿಂದ ಹೇಳಿ ಕಳಿಸ್ಯಾರ. ನಿಮ್ಮ ಕನಕಪ್ಪನ ಅಪೀಲು ಶುಕ್ರವಾರ ಐತಿ, ಧಾರವಾಡದಾಗ. ಹನ್ನೊಂದಕ್ಕ ಕೋರ್ಟಿನ್ಯಾಗ ಇರಬೇಕಂತ. ಅವಂಗ ಹೇಳಿಬಿಡು."

"ಹೇಳತೇನಿ."

"ಮರೀಬ್ಯಾಡ ಮತ್ತ."

"ನಾ ಏನ್ ಮರಿಯೋ ಮನಷ್ಯಾ ಏನೋ? ನಿಮ್ಮಪ್ಪ ನನ್ನ ಕಡೆ ಇಸಕೊಂಡು ಹ್ವಾದ ಹಗ್ಗಾನೂ ನೆನಪೈತಿ ನನಗ."

ಗ್ಯಾನಪ್ಪ ನಕ್ಕ. "ಆ ಹಗ್ಗ ನಮ್ಮಪ್ಪನ ಹಿಂದ ಹೋತಜ್ಜಾ" ಎಂದು ಹೇಳಿ ಗೌಡರ ಮನೆಯ ಕಡೆ ನಡೆದ.

ಹಾಲಸಿದ್ದಪ್ಪ ಮರೆಯಲಿಲ್ಲ. ಆದರೆ ಮಗನಿಗೆ ಹೇಳಲೂ ಇಲ್ಲ. ಅಂದು ಹೇಳಲಿಲ್ಲ, ಬುಧವಾರವೂ ಹೇಳಲಿಲ್ಲ. ಇದು ಮರೆವಲ್ಲ, ಅಂಜಿಕೆಯೂ ಅಲ್ಲ. ಅವನ ಪ್ರಕಾರ ಇದು ಬುದ್ಧಿವಂತಿಕೆ.

ನಡೆದದ್ದು ಇಷ್ಟು. ಹಿಂದಿನ ಚಳಿಗಾಲದಲ್ಲಿ ಒಂದು ಸಂಜೆ ಕನಕಪ್ಪನ ಕುರಿಗಳು ಯಮನೂರಪ್ಪನ ಕಡಲೆಯ ಹೊಲಕ್ಕೆ ನುಗ್ಗಿದ್ದವು. ಯಮನೂರಪ್ಪ ಕೂಲಿ ಮಾಡಿ ಬದುಕುವವ; ತನ್ನದೆಂದು ಹೇಳಿಕೊಳ್ಳಲು ಅವನಿಗಿದ್ದದ್ದು ಎರಡೆಕರೆ ಎರೆಭೂಮಿ. ಅವನು ಎರಡು ಕುರಿ ಹಿಡಿದು ಕೊಂಡವಾಡಕ್ಕೆ, ಬೆಳೆ ಮೇಯ್ದ ದನ ಕೂಡಿಹಾಕುವ ಸರಕಾರಿ ದೊಡ್ಡಿಗೆ, ಹಾಕಲು ಎಳೆದುಕೊಂಡು ಹೊರಟ. ಕನಕಪ್ಪ ಅಡ್ಡ ಬಂದ. ಮಾತಿಗೆ ಮಾತು ಬೆಳೆದು, ಕೈಯಲ್ಲಿದ್ದ ಬಡಿಗೆ ಮೇಲೆದ್ದಿತು. ಯಮನೂರಪ್ಪನ ಬಲಗೈ ಮೊಣಕೈಯ ಕೆಳಗೆ ಎರಡು ಕಡೆ ಮುರಿಯಿತು. ಕೂಲಿಯವನ ಬಲಗೈ ಅಂದರೆ ಅವನ ಮನೆಯ ಒಲೆ. ತಪ್ಪು ಯಾರದೆಂಬ ಬಗ್ಗೆ ಊರಿನಲ್ಲಿ ಎರಡು ಮಾತಿರಲಿಲ್ಲ. ಕನಕಪ್ಪನಿಗೂ ಇರಲಿಲ್ಲ. ಮ್ಯಾಜಿಸ್ಟ್ರೇಟರು ಕೇಳಿದಾಗ "ಹೊಡದೇನ್ರೀ ಸಾಹೇಬ್ರ" ಎಂದು ಬಿಟ್ಟ. ಅವರು ಒಂದೂವರೆ ವರ್ಷ ಸಕ್ತ ಮಜೂರಿಯ ಸಜಾ ಕೊಟ್ಟರು.

ವಕೀಲರು ನರಗುಂದದವರು, ಸಣ್ಣ ದನಿಯ ಮನುಷ್ಯ. ಸಜಾ ಹೆಚ್ಚಾಯಿತೆಂದು ಧಾರವಾಡದ ಮೇಲಿನ ಕೋರ್ಟಿಗೆ ಅಪೀಲು ಹಾಕಿದರು. ಕನಕಪ್ಪ ಜೈಲು ಸೇರಿ ತಿಂಗಳು ತುಂಬುವಷ್ಟರಲ್ಲಿ ಹುಕುಂ ಬಂತು: ಅಪೀಲು ತೀರುವತನಕ ಸಜಾ ತಹಕೂಬ, ಯಾರಾದರೂ ಜಾಮೀನು ನಿಂತರೆ ಆಸಾಮಿಯನ್ನು ಬಿಡಬಹುದು. ಗಜೇಂದ್ರಗಡದ ನಾಲಬಂದ ಜಂಗ್ಲಿಸಾಬ ತನ್ನ ನಾಲ್ಕೆಕರೆ ಹೊಲದ ಹಕ್ಕಿನ ಕಾಗದ, ಉತಾರ, ಹಿಡಿದುಕೊಂಡು ಬಂದು ಜಾಮೀನು ನಿಂತ. ಎತ್ತಿನ ಕಾಲಿಗೆ ನಾಲ ಬಡಿಯುವ ಜಂಗ್ಲಿಸಾಬನೂ ಹಾಲಸಿದ್ದಪ್ಪನೂ ಮೀಸೆ ಬಾರದ ವಯಸ್ಸಿನಿಂದ ದೋಸ್ತರು. ಕನಕಪ್ಪ ಏಪ್ರಿಲ್ ತಿಂಗಳಲ್ಲಿ ಮನೆಗೆ ಬಂದ.

ವಕೀಲರು ಹುಕುಮನ್ನು ಓದಿ ಹೇಳಿದಾಗ ಹಾಲಸಿದ್ದಪ್ಪನಿಗೆ ತಿಳಿದದ್ದು ಒಂದೇ ಶಬ್ದ, ತಹಕೂಬ. ತಿಳಿದದ್ದೇನು, ಅದು ಅವನಿಗೆ ತನ್ನ ಹೆಸರಿನಷ್ಟು ಪರಿಚಯದ ಶಬ್ದ. ರೋಣ ತಾಲೂಕಿನ ಒಣಬೇಸಾಯದ ಯಾವ ರೈತನಿಗೂ ಹಾಗೆಯೇ. ಮಳೆ ಕೈಕೊಟ್ಟ ವರ್ಷ ಸರಕಾರ ಹೊಲದ ಪಟ್ಟಿಯನ್ನು, ಅಂದರೆ ಕಂದಾಯವನ್ನು, ಆ ವರ್ಷ ವಸೂಲು ಮಾಡುತ್ತಿರಲಿಲ್ಲ. ಅದು ತಹಕೂಬ. ಮುಂದಿನ ವರ್ಷಗಳೂ ಹಾಗೆಯೇ ಹೋದರೆ ತಹಕೂಬ ಆದ ಪಟ್ಟಿಯನ್ನು ಪೂರ್ತಿ ಬಿಟ್ಟುಬಿಡುತ್ತಿತ್ತು. ಅದು ಸೂಟ. ತಹಕೂಬ ಆದದ್ದು ಕಾಲ ಕಳೆದಂತೆ ತಾನಾಗಿ ಸೂಟ ಆಗುತ್ತದೆ ಎಂಬುದನ್ನು ಹಾಲಸಿದ್ದಪ್ಪ ಕಣ್ಣಾರೆ ಕಂಡಿದ್ದ. ಆದರೆ ಒಂದು ಷರತ್ತು ಇತ್ತು, ಕಚೇರಿಗೆ ನೆನಪು ಮಾಡಿಕೊಡಬಾರದು. ಅವನ ದಾಯಾದಿ ಮಲ್ಲೇಶಪ್ಪ ಒಂದು ಸಲ ತಹಕೂಬ ಆದ ಪಟ್ಟಿಯ ಗತಿ ಏನಾಯಿತೆಂದು ಊರಿನ ಲೆಕ್ಕ ಬರೆಯುವ ತಲಾಠಿಯನ್ನು ಕೇಳಲು ಹೋಗಿದ್ದ. ತಲಾಠಿ ಅಲ್ಲೇ ಕೂಡಿಸಿ ವಸೂಲು ಮಾಡಿದ. ಸುಮ್ಮನಿದ್ದ ಹಾಲಸಿದ್ದಪ್ಪನದು ಸೂಟ ಆಯಿತು. ಮಲ್ಲೇಶಪ್ಪನ ಹೊಲ ಹಳ್ಳದ ದಂಡೆಯಲ್ಲಿದ್ದು, ಆ ವರ್ಷ ಅವನ ಜೋಳ ಎದೆಯೆತ್ತರ ಬಂದಿತ್ತು ಎಂಬುದನ್ನು ಹಾಲಸಿದ್ದಪ್ಪ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅವನು ಕಂಡದ್ದು ಇಷ್ಟೇ: ಕೇಳಿದವ ಕೆಟ್ಟ, ಕೇಳದವ ಉಳಿದ.

ಈಗ ಮಗ ತಾನಾಗಿ ಧಾರವಾಡಕ್ಕೆ ಹೋಗಿ ಕೋರ್ಟಿನ ಮುಂದೆ ನಿಂತರೆ ಅದು ಮಲ್ಲೇಶಪ್ಪ ಮಾಡಿದ ಕೆಲಸವೇ ಆಗುತ್ತಿತ್ತು. ಹೋಗದಿದ್ದರೆ ಸಾಹೇಬರಿಗೆ ನೂರು ಕೇಸು, ಒಂದನ್ನು ಮರೆತಾರು. ಮರೆತರೆ ಸೂಟ.

ಅವನ ಹೆಂಡತಿ ಶಂಕ್ರವ್ವ ಬುಧವಾರ ರಾತ್ರಿ ಊಟಕ್ಕೆ ಬಡಿಸುತ್ತ ಮುಖ ನೋಡಿದಳು. "ಯಾಕ್ರೀ, ರೊಟ್ಟಿ ಹಂಗ ಮುರಕೊಂತ ಕುಂತೀರಿ? ಹಲ್ಲ ನೋಯಾಕತ್ತಾವೇನ?"

"ಸುಮ್ಕ ಬಡಸ. ನಾ ಒಂದ ಲೆಕ್ಕಾ ಮಾಡಾಕತ್ತೇನಿ."

"ನಿಮ್ಮ ಲೆಕ್ಕಾ ಗೊತ್ತೈತಿ ನನಗ. ಕುರಿ ಎಣಸಾಕ ಹ್ವಾದ್ರ ನಾಯೀನೂ ಕೂಡಿಸಿ ಎಣಸತೀರಿ."

ಲೆಕ್ಕವೆಂದರೆ ಇದು. ಪಟ್ಟಿಗಾದರೆ ಎಷ್ಟು ವರ್ಷ ಬಾಯಿ ಮುಚ್ಚಿಕೊಂಡಿರಬೇಕೆಂದು ಅವನಿಗೆ ಗೊತ್ತಿತ್ತು. ಸಜಾಕ್ಕೆ ಎಷ್ಟು ವರ್ಷ? ಈ ಒಂದು ಸಂಗತಿಯನ್ನು ಯಾರಿಗೂ ಸಂಶಯ ಬಾರದಂತೆ ತಿಳಿದುಕೊಂಡು ಬಿಟ್ಟರೆ ಮನಸ್ಸು ನಿರಾಳವಾಗುತ್ತಿತ್ತು. ಮಗನನ್ನು ಕೇಳುವಂತಿರಲಿಲ್ಲ. ಅವನು ಕುರಿಗಳೊಂದಿಗೆ ಹೊರಗೇ ಇರುತ್ತಿದ್ದ. ನರೇಗಲ್ಲಿನ ಕಡೆ ಯಾರೋ ದೊಡ್ಡ ರೈತರ ಹೊಲದಲ್ಲಿ ಕುರಿ ತರುಬುತ್ತಿದ್ದೇನೆಂದು ಹೇಳಿದ್ದ. ಕುರಿ ತರುಬುವುದೆಂದರೆ ರಾತ್ರಿ ಹಿಂಡನ್ನು ಒಬ್ಬರ ಹೊಲದಲ್ಲಿ ಬಲೆಯೊಳಗೆ ನಿಲ್ಲಿಸುವುದು. ಬೆಳಗಾಗುವಷ್ಟರಲ್ಲಿ ಹಿಕ್ಕಿ, ಗಂಜಳ ಬಿದ್ದು ನೆಲಕ್ಕೆ ಗೊಬ್ಬರವಾಗುತ್ತದೆ. ಹೊಲದವರು ಅದಕ್ಕೆ ಕಾಳು ಕೊಡುತ್ತಾರೆ. ಈ ಸಲ ಕಾಳು ಇನ್ನೂ ಮನೆಗೆ ಬಂದಿರಲಿಲ್ಲ. "ಸುಗ್ಗಿಗೆ ಕೊಡತಾರಂತ" ಎಂದಿದ್ದಳು ಸೊಸೆ ಮಾಯವ್ವ.

ಗುರುವಾರ ಮುಂಜಾನೆ ಹಾಲಸಿದ್ದಪ್ಪ ರುಮಾಲು ಸುತ್ತಿಕೊಂಡು, ಕುರಿ ಔಷಧ ತರುತ್ತೇನೆಂದು ಹೇಳಿ, ಗಜೇಂದ್ರಗಡಕ್ಕೆ ನಡೆದು ಅಲ್ಲಿಂದ ಮೋಟಾರು ಹತ್ತಿ ರೋಣಕ್ಕೆ ಹೋದ.

ರೋಣದ ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ ಅರ್ಜಿ ಬರೆಯುವ ಮದರಸಾಬ ಕೂಡುತ್ತಿದ್ದ. ತೊಡೆಯ ಮೇಲೊಂದು ಹಲಗೆ, ಕಿವಿಯ ಮೇಲೊಂದು ಸೀಸದಕಡ್ಡಿ, ಮೂಗಿನ ತುದಿಯಲ್ಲಿ ಕನ್ನಡಕ. ಹಾಲಸಿದ್ದಪ್ಪ ಅವನ ಎದುರು ಕುಕ್ಕರಗಾಲಿನಲ್ಲಿ ಕುಳಿತ.

"ಬರ್ರಿ ಗೌಡ್ರ. ಏನ್ ಬರೀಬೇಕು?"

"ಬರಿಯೂದೇನಿಲ್ರಿ. ಒಂದ ಮಾತ ಕೇಳಬೇಕಾಗಿತ್ತು. ನಂದಲ್ಲ ಮತ್ತ. ಪರಿಚಯದಾಂವ ಒಬ್ಬಂದು."

"ಇಲ್ಲಿಗಿ ಬರೋರದೆಲ್ಲಾ ಪರಿಚಯದಾಂವಂದ ಇರತೈತ್ರಿ. ಹೇಳ್ರಿ."

"ತಹಕೂಬ ಆದದ್ದು ಎಷ್ಟ ವರ್ಷಕ್ಕ ಸೂಟ ಆಗತೈತ್ರಿ?"

"ಹಂಗ ಬ್ಯಾರೆ ಬ್ಯಾರೆ ಇರತೈತಿ. ಎಷ್ಟ ಎಕರೇದ್ದು?"

"ಎಕರೇದ್ದಲ್ರಿ. ಒಂದೂವರಿ ವರ್ಷದ್ದು."

ಮದರಸಾಬ ಕನ್ನಡಕವನ್ನು ಹಣೆಗೆ ಏರಿಸಿದ. "ಒಂದೂವರಿ ವರ್ಷದ ಪಟ್ಟಿ ಯಾವೂರಾಗ ಐತ್ರಿ?"

"ಪಟ್ಟಿ ಅಲ್ರಿ, ಅದು... ಸಜಾ."

ಮದರಸಾಬ ನಗಲಿಲ್ಲ. ನಕ್ಕಿದ್ದರೆ ಹಾಲಸಿದ್ದಪ್ಪ ಎದ್ದು ಹೋಗುತ್ತಿದ್ದನೇನೋ. ಅವನು ಕಡ್ಡಿಯನ್ನು ಕಿವಿಯಿಂದ ತೆಗೆದು ಹಲಗೆಯ ಮೇಲಿಟ್ಟ.

"ಯಜಮಾನ್ರ, ಹೊಲದ ಪಟ್ಟಿ ಬ್ಯಾರೆ, ಮನಷ್ಯಾನ ಸಜಾ ಬ್ಯಾರೆ. ಪಟ್ಟಿ ಯಾಕ ಬಿಡತಾರ? ಮಳಿ ಬರಲಿಲ್ಲ, ಬೆಳಿ ಬರಲಿಲ್ಲ, ಹೊಲದ್ದೇನ್ ತಪ್ಪಿಲ್ಲ. ಸಜಾ ಹಂಗಲ್ಲ. ನಿಮ್ಮ ಕಸಬು ಏನು?"

"ಕುರಿ ಸಾಕೋರ್ರಿ."

"ಹಿಂಡ ಹೊಡಕೊಂಡು ಹೊಂಟೀರಿ. ನಡುವ ರಾತ್ರಿ ಆತು, ಒಂದ ಹೊಲದಾಗ ತರಬತೀರಿ. ತರಬಿದಿರಿ ಅಂದ್ರ ಊರು ಮುಟ್ಟಿದಿರಿ ಅಂತೇನು?"

"ಇಲ್ರಿ. ಬೆಳಗಾದ್ರ ಏಳಬೇಕಲ್ಲ."

"ತಹಕೂಬ ಅಂದ್ರ ಅಷ್ಟ ನೋಡ್ರಿ. ತರಬ್ಯಾರ. ಬೆಳಗಾದ್ರ ಎಬ್ಬಸತಾರ. ಅಲ್ಲಿ ಹೋಗಿ ನಿಂತ್ರ ಸಾಹೇಬ್ರು ಹಾದಿ ಸಣ್ಣದ ಮಾಡಿದ್ರೂ ಮಾಡ್ಯಾರು. ನಿಲ್ಲಲಿಲ್ಲಂದ್ರ ವಾರಂಟ್ ಹೊಂಡತೈತಿ, ಬೇಡಿ ಹಾಕಿ ಎಳಕೊಂಡು ಹೋಗತಾರ. ಅಪೀಲಿಗೇನ ಬೆಲಿ ಉಳಿಯೂದಿಲ್ಲ. ಜಾಮೀನ ಯಾರ ಅದಾರ?"

"ದೋಸ್ತ ಒಬ್ಬಾಂವ ಅದಾನ್ರಿ. ಹೊಲದ ಉತಾರ ಕೊಟ್ಟಾನ."

"ಅವ್ರ ಹೊಲ ಜಪ್ತಿ ಆಗತೈತಿ" ಎಂದ ಮದರಸಾಬ. "ತಾರೀಖ ಯಾವಾಗ?"

"ನಾಳಿ."

"ಹಂಗಾರ ಇಲ್ಲೇನ ಮಾಡತೀರಿ?"

ಹಾಲಸಿದ್ದಪ್ಪ ಎದ್ದ. ಬರೆಯದ ಅರ್ಜಿಗೆ ಏನು ಕೊಡಬೇಕೆಂದು ಕೇಳುವುದು ಕೂಡ ಹೊಳೆಯಲಿಲ್ಲ. ಗಜೇಂದ್ರಗಡದ ಮೋಟಾರು ಹೊರಡುವ ಹೊತ್ತಾಗಿತ್ತು; ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಓಡಿದ. ಅರವತ್ತು ದಾಟಿದ ಮುದುಕ ಪೇಟೆಯ ನಡುವೆ ಬರಿದಲೆಯಲ್ಲಿ ಓಡುವುದನ್ನು ನೋಡಿ ಅಂಗಡಿಯವರು ಸಾವಿನ ಸುದ್ದಿ ಬಂದಿರಬೇಕೆಂದು ತಿಳಿದರು.

ಮೋಟಾರಿನಲ್ಲಿ ಕಿಟಕಿಯ ಪಕ್ಕ ಕುಳಿತವನ ಕಣ್ಣಿಗೆ ಸೂಡಿಯ ಹೊಲಗಳು ಕಾಣಿಸಿದರೂ ಮನಸ್ಸಿಗೆ ಬೀಳಲಿಲ್ಲ. ಮನಸ್ಸಿನ ತುಂಬ ಜಂಗ್ಲಿಸಾಬನ ನಾಲ್ಕೆಕರೆ ಇತ್ತು. ಅದು ಅವನ ಹೆಂಡತಿ ಮೈಮುನಬಿಯ ತವರಿನಿಂದ ಬಂದ ಹೊಲ. ಉತಾರ ಕೊಡುವ ದಿನ ಅವಳು ಒಂದು ಮಾತನ್ನೂ ಆಡದೆ, ಪೆಟ್ಟಿಗೆಯಿಂದ ತೆಗೆದು, ಸೆರಗಿನಿಂದ ಧೂಳು ಒರೆಸಿ ಕೊಟ್ಟಿದ್ದಳು. ಆ ಹೊಲವನ್ನೇ ಹಾಲಸಿದ್ದಪ್ಪ ಬಾಯಿ ಮುಚ್ಚಿಕೊಂಡು ಪಣಕ್ಕೆ ಒಡ್ಡಿದ್ದ. ಮಗ ಈಗ ನರೇಗಲ್ಲಿನ ಯಾವ ಹೊಲದಲ್ಲಿದ್ದಾನೋ. ಹುಡುಕಿ ಹಿಡಿದು, ನಾಳೆ ಹನ್ನೊಂದಕ್ಕೆ ಧಾರವಾಡ ಮುಟ್ಟಿಸುವುದು ಹೇಗೆ?

ಊರಿನ ಹತ್ತಿರದ ಹಳ್ಳ ದಾಟಿ ಏರು ಹತ್ತಿದಾಗ ಹೊತ್ತು ಪಶ್ಚಿಮಕ್ಕೆ ವಾಲಿತ್ತು. ಎಡಕ್ಕೆ ಯಮನೂರಪ್ಪನ ಹೊಲ. ಚಳಿಗಾಲದ ಆ ಸಂಜೆಯಿಂದ ಹಾಲಸಿದ್ದಪ್ಪ ಆ ಕಡೆ ಮುಖ ಹಾಕಿರಲಿಲ್ಲ. ಬೇಕೆಂದೇ ಬಲಗಡೆಯ ದಾರಿಯಲ್ಲಿ ಓಡಾಡುತ್ತಿದ್ದ. ಇಂದು ಅವಸರಕ್ಕೆ ಎಡದ ದಾರಿಯೇ ಕಾಲಿಗೆ ಬಂತು. ಅಲ್ಲಿ ಇಬ್ಬರು ಹೆಂಗಸರು ಗೂಟ ಬಡಿದು ಕುರಿಯ ಬಲೆ ಕಟ್ಟುತ್ತಿದ್ದರು. ಒಬ್ಬಳು ಯಮನೂರಪ್ಪನ ಹೆಂಡತಿ ಮರಿಯವ್ವ. ಇನ್ನೊಬ್ಬಳು ತನ್ನ ಸೊಸೆ.

ಮಾಯವ್ವ ಮಾವನನ್ನು ಕಂಡು ಸೆರಗು ಸರಿಮಾಡಿಕೊಂಡು ಕಲ್ಲನ್ನು ಕೆಳಗಿಟ್ಟಳು. ಮರಿಯವ್ವ ಇಡಲಿಲ್ಲ. ಗೂಟಕ್ಕೆ ಇನ್ನೊಂದು ಪೆಟ್ಟು ಹಾಕಿಯೇ ಮಾತಾಡಿದಳು.

"ಹಾದಿ ತಪ್ಪಿ ಬಂದಿರೇನು ಯಜಮಾನ್ರ? ನಿಮ್ಮ ದಾರಿ ಅತ್ಲಾಗ ಐತಲ್ಲ."

"ಮಾಯವ್ವಾ, ಕನಕಪ್ಪ ಎಲ್ಲಿ?" ಎಂದ ಹಾಲಸಿದ್ದಪ್ಪ ಏದುತ್ತ. "ಲಗೂ ಹೇಳವ್ವಾ. ನಾಳಿ ಅವನ ತಾರೀಖೈತಿ. ನಾ ಹೇಳಲಿಲ್ಲ. ವಾಲೀಕಾರ ಹೇಳಿದ್ದ, ನಾನ ಮುಚ್ಚಿಟ್ಟೆ."

"ಗೊತ್ತೈತ್ರಿ ಮಾವಾರ."

"ಏನ್ ಗೊತ್ತೈತಿ?"

"ನೀವು ಹೇಳೂದಿಲ್ಲಂತ ಗೊತ್ತಿತ್ತು. ಗ್ಯಾನಪ್ಪ ಮಂಗಳವಾರ ಬಾವಿ ಕಡೆ ನನಗೂ ಹೇಳಿದಾ. ಅವ ಒಂದ ಸುದ್ದಿ ಮೂರ ಕಡೆ ಹೇಳಲಿಲ್ಲಂದ್ರ ಉಂಡದ್ದ ಕರಗೂದಿಲ್ಲ. ನಾ ಜಂಗ್ಲಿಕಾಕಾಗ ಹೇಳಿ ಕಳಿಸಿದೆ. ಅವರು ನಿನ್ನೆ ಸಂಜಿಮುಂದ ಬಂದು ಇವರನ್ನ ಕರಕೊಂಡು ಹೋದ್ರು. ಇವತ್ತ ಧಾರವಾಡದಾಗ ಇರತಾರ."

"ನನಗ ಯಾಕ ಹೇಳಲಿಲ್ಲ?"

ಉತ್ತರ ಕೊಟ್ಟವಳು ಮರಿಯವ್ವ. "ನಿಮಗ ಹೇಳಿದ್ರ ನೀವು ತಹಕೂಬದ ಪುರಾಣ ಹಚ್ಚತಿದ್ರಿ. ಏಪ್ರಿಲದಾಗಿಂದ ಕಟ್ಟಿ ಮ್ಯಾಲೆ ಕುಂತು ಊರಿಗೆಲ್ಲಾ ಹೇಳೀರಲ್ಲ, ಸುಮ್ಮಕಿದ್ರ ಸೂಟ ಆಗತೈತಿ ಅಂತ. ನಿಮ್ಮ ಮಗಾ ತೆಲಿ ಮ್ಯಾಲೆ ಕೈ ಹೊತ್ತಕೊಂಡು ಕುಂತಿದ್ದಾ, 'ನಮ್ಮಪ್ಪ ನನ್ನ ಕಾಲ ಹಿಡಕೊಂಡು ಬಿಡತಾನ' ಅಂತ."

ಹಾಲಸಿದ್ದಪ್ಪ ಹೊಲದ ಬದುವಿನ ಮೇಲೆ ಕುಸಿದು ಕುಳಿತ. ಕುಳಿತ ಮೇಲೆ ಕಣ್ಣಿಗೆ ಹೊಲ ಬಿತ್ತು. ಮೂಡಣ ಬದುವಿನಿಂದ ಹಿಡಿದು ನಡುವಿನ ಜಾಲಿಗಿಡದವರೆಗೆ ಎರೆಮಣ್ಣಿನ ಮೇಲೆ ಕುರಿಹಿಕ್ಕಿ ಕಾಳು ಚೆಲ್ಲಿದಂತೆ ಒತ್ತೊತ್ತಾಗಿ ಬಿದ್ದಿತ್ತು. ಒಂದು ರಾತ್ರಿಯ ಕೆಲಸವಲ್ಲ ಅದು. ತಿಂಗಳುಗಟ್ಟಲೆ ಬಲೆ ಕಿತ್ತು ಬಲೆ ಹೂಡಿದ ಗುರುತು.

"ನರೇಗಲ್ಲಿನ ಹೊಲ ಇದೇನವ್ವಾ?"

"ಹೂನ್ರಿ ಮಾವಾರ." ಮಾಯವ್ವನ ದನಿಯಲ್ಲಿ ನಗುವೂ ಇತ್ತು, ಅಳುವೂ ಇತ್ತು.

"ಕಾಳು?"

"ಕಾಳು ಯಾರ ಕೇಳ್ಯಾರ?" ಎಂದಳು ಮರಿಯವ್ವ. "ಜೈಲಿನಿಂದ ಬಂದ ಮರುದಿನಾನ ಬಂದು ನಿಂತಾ. ನಾ ಬೈದೆ. ನನ್ನ ಗಂಡ ಎಡಗೈಲೆ ಕಲ್ಲ ತೊಗೊಂಡಾ. ಆದ್ರೂ ಸಂಜಿಗೆ ಕುರಿ ಹೊಡಕೊಂಡು ಬಂದು ತರಬಿಬಿಟ್ಟಾ. 'ಎಷ್ಟ ದಿನಾ ಬಿಟ್ಟಾರೋ ಅಷ್ಟ ದಿನಾ ನಿಮ್ಮ ಹೊಲದಾಗ, ಕಾಳು ಬ್ಯಾಡ' ಅಂದಾ. ನಾ ಏನ ಅವನ್ನ ಕ್ಷಮಾ ಮಾಡಿಲ್ಲ ಮತ್ತ. ಕೈ ಮುರದಾಂವ ಅವನ. ಆದ್ರ ಕುರಿದೇನ್ ತಪ್ಪು? ಹಿಕ್ಕಿ ಹಿಕ್ಕೀನ."

ಆ ಗಳಿಗೆಯಲ್ಲಿ ಹಾಲಸಿದ್ದಪ್ಪನಿಗೆ ಮದರಸಾಬ ಹೇಳಿದ್ದರ ಉಳಿದರ್ಧ ಅರ್ಥವಾಯಿತು. ತರುಬಿದ ಹಿಂಡು ಬೆಳಗಾದರೆ ಎದ್ದು ಹೋಗುತ್ತದೆ, ನಿಜ. ಆದರೆ ನಿಂತ ನೆಲವನ್ನು ಬರಿದಾಗಿ ಬಿಟ್ಟು ಹೋಗುವುದಿಲ್ಲ. ಅವನು ತಹಕೂಬವನ್ನು ಬಾಗಿಲು ಹಾಕಿಕೊಂಡು ಅಡಗಿ ಕುಳಿತುಕೊಳ್ಳುವ ಕಾಲವೆಂದು ತಿಳಿದಿದ್ದ. ಮಗ ಅದನ್ನು ಕೆಲಸಕ್ಕೆ ಹಚ್ಚಿದ್ದ.

"ಮರಿಯವ್ವಾ," ಎಂದ. ಎದ್ದು ಹೋಗಿ ಅವಳ ಕೈಯಿಂದ ಕಲ್ಲನ್ನು ತೆಗೆದುಕೊಂಡು ಮುಂದಿನ ಗೂಟ ಬಡಿದ.

"ಓರಿ ಹೊಂಟೈತಿ ನೋಡ್ರಿ, ನೆಟ್ಟಗ ಬಡೀರಿ" ಎಂದಳು ಅವಳು.

ಮರುದಿನ ಬೆಳಕು ಹರಿಯುವ ಮೊದಲೇ ಹೊರಟು, ಮೋಟಾರು ಹಿಡಿದು, ಮಲ್ಲಾಪುರದ ಸ್ಟೇಶನ್ನಿನಲ್ಲಿ ರೈಲು ಹತ್ತಿ, ಗದಗಿನಲ್ಲಿ ಬದಲಿಸಿ, ಹಾಲಸಿದ್ದಪ್ಪ ಧಾರವಾಡದ ಕೋರ್ಟಿನ ಅಂಗಳ ಮುಟ್ಟಿದಾಗ ಮಧ್ಯಾಹ್ನ ದಾಟಿತ್ತು. ಜಿಟಿಜಿಟಿ ಮಳೆ ಹಿಡಿದಿತ್ತು. ಕೇಸು ಮುಗಿದು ಹೋಗಿತ್ತು. ಕಟ್ಟಡದ ಪಡಸಾಲೆಯ ಒಂದು ಮೂಲೆಯಲ್ಲಿ ನಾಲ್ವರು ಸುತ್ತುಗಟ್ಟಿ ಕುಳಿತು ಮಾಯವ್ವ ಕಟ್ಟಿಕೊಟ್ಟ ಬುತ್ತಿ ಉಣ್ಣುತ್ತಿದ್ದರು. ಕನಕಪ್ಪ, ಜಂಗ್ಲಿಸಾಬ, ಒಬ್ಬ ಹವಾಲ್ದಾರ. ನಾಲ್ಕನೆಯವನು ಎಡಗೈಯಲ್ಲಿ ರೊಟ್ಟಿ ಹಿಡಿದ ಯಮನೂರಪ್ಪ.

ಹವಾಲ್ದಾರನನ್ನು ಕಂಡೊಡನೆ ಹಾಲಸಿದ್ದಪ್ಪನಿಗೆ ಅರ್ಧ ಸುದ್ದಿ ತಿಳಿಯಿತು. ಸೂಟ ಆಗಿರಲಿಲ್ಲ.

"ಬಂದ ನೋಡ್ರಿ ಮಾಮಲೇದಾರ" ಎಂದ ಜಂಗ್ಲಿಸಾಬ, ಬಾಯಲ್ಲಿ ತುತ್ತಿಟ್ಟುಕೊಂಡೇ. "ಏನ್ ಹಾಲಸಿದ್ದಾ, ಪಟ್ಟಿ ಕಟ್ಟಾಕ ಬಂದಿಯೇನು?"

"ಸಾಬಾ, ನಾ ನಿನಗ ಮೋಸಾ ಮಾಡಿದ್ನ್ಯೋ. ತಾರೀಖ ಗೊತ್ತಿದ್ದೂ ಮುಚ್ಚಿಟ್ಟೆ. ನಿನ್ನ ಹೊಲ..."

"ನನಗ ಗೊತ್ತಿಲ್ಲೇನು? ಐವತ್ತ ವರ್ಷಾತು ನಿನ್ನ ನೋಡಾಕತ್ತು. ನೀ ಮುಚ್ಚಿಡತಿ ಅಂತನ ನಾ ಬುಧವಾರ ಬಂದದ್ದು. ನಾಲ ಬಡಿಯೂ ಮುಂದ ಎತ್ತ ಯಾವ ಕಡೆ ಒದೀತೈತಿ ಅಂತ ತಿಳೀಲಿಲ್ಲಂದ್ರ ನನ್ನ ಹಲ್ಲ ಇಷ್ಟೊತ್ತಿಗೆ ಉಳೀತಿದ್ವೇನು?" ಜಂಗ್ಲಿಸಾಬ ಹವಾಲ್ದಾರನ ಕಡೆ ತಿರುಗಿದ. "ಇವ ಅದಾನಲ್ರೀ ಹವಾಲ್ದಾರ, ಮಗನ ಸಜಾನ್ನ ಹೊಲದ ಪಟ್ಟಿ ಅಂತ ತಿಳದಾನ."

ಹವಾಲ್ದಾರ ಕೆಮ್ಮುತ್ತ ನಕ್ಕ. ಕನಕಪ್ಪನೂ ನಕ್ಕ. ಯಮನೂರಪ್ಪ ನಗಲಿಲ್ಲ, ಆದರೆ ಸ್ವಲ್ಪ ಸರಿದು ಕುಳಿತುಕೊಳ್ಳಲು ಜಾಗ ಮಾಡಿದ.

"ಏನಾತೋ ಕನಕಾ?" ಎಂದ ಹಾಲಸಿದ್ದಪ್ಪ.

"ಆರ ತಿಂಗಳಾತು ಯಪ್ಪಾ. ಒಂದೂವರಿ ವರ್ಷದ್ದು ಆರ ತಿಂಗಳು ಮಾಡ್ಯಾರ. ಮೊದಲ ಇದ್ದು ಬಂದದ್ದೂ ಅದರಾಗ ಹಿಡೀತಾರಂತ."

"ಹ್ಯಾಂಗ ಮಾಡಿದ್ರು?"

ಹೇಳಿದವನು ಜಂಗ್ಲಿಸಾಬ. ವಕೀಲರು ತಮ್ಮ ಸಣ್ಣ ದನಿಯಲ್ಲಿ, ಆಸಾಮಿ ತಹಕೂಬದ ದಿನಗಳಲ್ಲಿ ಹೀಗೆ ಹೀಗೆ ನಡೆದುಕೊಂಡಿದ್ದಾನೆ, ಪೆಟ್ಟು ತಿಂದವನೇ ಇಲ್ಲಿ ಬಂದಿದ್ದಾನೆ, ಬೇಕಾದರೆ ಕೇಳಬಹುದು ಎಂದರು. ಜಜ್ಜ ಸಾಹೇಬರು ಯಮನೂರಪ್ಪನನ್ನು ಮುಂದೆ ಕರೆಸಿದರು. "ಸಾಹೇಬ್ರು ಕೇಳಿದ್ರು, ನೀ ಇವನ ಕೂಡ ರಾಜಿ ಆಗತಿಯೇನು ಅಂತ. ಇಂವ ಏನಂದಾ ಗೊತ್ತೇನು? ಇಲ್ಲಂದಾ! ನನ್ನ ಜೀವ ಬಾಯಿಗಿ ಬಂತು. ಇಲ್ಲಂದು ಸುಮ್ಮಕಾದ. ಸಾಹೇಬ್ರು, ಹಂಗಾರ ಯಾಕ ಬಂದಿ ಅಂದ್ರು."

"ನೀ ಏನಂದಿ?" ಹಾಲಸಿದ್ದಪ್ಪ ಮೊದಲ ಸಲ ಯಮನೂರಪ್ಪನ ಮುಖ ನೋಡಿ ಕೇಳಿದ.

ಯಮನೂರಪ್ಪ ರೊಟ್ಟಿಯನ್ನು ಕೆಳಗಿಟ್ಟ. "ಇದ್ದದ್ದ ಅಂದೆ. ಕೈ ಮುರದದ್ದು ಖರೇ ಐತಿ, ರಾಜಿ ಆಗೂದಿಲ್ಲ. ಬಂದು ಕುರಿ ತರಬಿದ್ದೂ ಖರೇ ಐತಿ, ಕಾಳು ತೊಗೊಂಡಿಲ್ಲ. ನಾ ಕಲ್ಲ ಒಗದಾಗೂ ಹೋಗಲಿಲ್ಲ. ಎರಡೂ ಬರಕೋರಿ, ಆಮ್ಯಾಲೆ ನಿಮಗ ತಿಳದಂಗ ಮಾಡ್ರಿ ಅಂದೆ."

"ಅಷ್ಟ?"

"ಅಷ್ಟ. ಮತ್ತೇನೈತಿ?"

ಹಾಲಸಿದ್ದಪ್ಪ ತಲೆಯ ರುಮಾಲು ತೆಗೆದು ಮಡಿಲಿಗಿಟ್ಟುಕೊಂಡ. ತಾನು ದಿನಗಟ್ಟಲೆ ಕಟ್ಟೆಯ ಮೇಲೆ ಕುಳಿತು ಕಾಯ್ದ ಸೂಟವನ್ನು ಈ ಮನುಷ್ಯ ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ. ಅವನು ಕೊಟ್ಟದ್ದು ಇದ್ದ ಮಾತು, ಮುರಿದ ಕೈಯ ಪಕ್ಕದಲ್ಲಿಟ್ಟು. ಅದರಿಂದ ಮಗನ ಬದುಕಿನ ಒಂದು ವರ್ಷ ಉಳಿದಿತ್ತು. ಕೈ ಮುಗಿಯಲು ಹೋದ. ಯಮನೂರಪ್ಪ ಮುಖ ಆಚೆ ತಿರುಗಿಸಿ, "ಅದೆಲ್ಲಾ ಬ್ಯಾಡ್ರಿ. ಉಣ್ರಿ, ಹೊತ್ತಾಗೇತಿ" ಎಂದ.

ಹಾಲಸಿದ್ದಪ್ಪ ಉಂಡ. ಬುಧವಾರದಿಂದ ಗಂಟಲಲ್ಲಿ ಇಳಿಯದ ರೊಟ್ಟಿ ಆ ಪಡಸಾಲೆಯಲ್ಲಿ, ಹವಾಲ್ದಾರನ ಪಕ್ಕದಲ್ಲಿ, ಸಲೀಸಾಗಿ ಇಳಿಯಿತು. ಹೊರಗೆ ಮಳೆ ಸ್ವಲ್ಪ ಜೋರಾಯಿತು. ಮಳೆ ನಿಂತ ಮೇಲೆ ಹೋಗೋಣವೆಂದು ಹವಾಲ್ದಾರ ತಾನಾಗಿಯೇ ಹೇಳಿದ. ಹೀಗೆ ಕನಕಪ್ಪನ ಸಜಾ ಇನ್ನೂ ಅರ್ಧ ತಾಸು ತಹಕೂಬ ಆಯಿತು. ಆ ಅರ್ಧ ತಾಸಿನಲ್ಲಿ ಯಾರೂ ದೊಡ್ಡ ಮಾತು ಆಡಲಿಲ್ಲ. ಯಾವ ಟಗರಿಗೆ ಕಾಲುಬೇನೆ ಬಂದಿದೆ, ಯಾವ ಕುರಿ ಮರಿ ಹಾಕುವುದರಲ್ಲಿದೆ ಎಂದು ಕನಕಪ್ಪ ಅಪ್ಪನಿಗೆ ಹೇಳಿದ.

ಎದ್ದು ನಿಂತಾಗ ಮಾತ್ರ, "ಯಪ್ಪಾ, ಜಾಲಿಗಿಡದ ಆಚೆ ಕಡೆ ಇನ್ನೂ ಉಳದೈತಿ" ಎಂದ.

"ಕಂಡೇನಿ. ನಾ ನೋಡಕೋತೇನಿ. ನೀ ನಡಿ."

ಅಂದಿನಿಂದ ಬಿತ್ತನೆಯವರೆಗೆ ಹಾಲಸಿದ್ದಪ್ಪನೇ ಸಂಜೆ ಹಿಂಡನ್ನು ಹೊಡೆದುಕೊಂಡು ಎಡದ ದಾರಿ ಹಿಡಿದು ಹೋದ. ಮರಿಯವ್ವ ಅವನು ಹೂಡಿದ ಪ್ರತಿಯೊಂದು ಗೂಟಕ್ಕೂ ಹೆಸರಿಟ್ಟಳು. ಅವನು ಕಿತ್ತು ಮತ್ತೆ ಬಡಿದ. ಒಂದು ದಿನ ಅವಳು ತಾನಾಗಿ ಒಂದು ಚರಿಗೆ ಮಜ್ಜಿಗೆ ತಂದಿಟ್ಟು, "ಕುರಿ ಹಾಲಿಂದಲ್ಲ, ನಮ್ಮ ಎಮ್ಮಿದು, ಕುಡೀರಿ" ಎಂದಳು. ಯಮನೂರಪ್ಪನ ಕೈ ಕೂಡಿಕೊಂಡಿತು, ಆದರೆ ಓರೆಯಾಗಿ. ಅದರಲ್ಲಿ ಕೂರಿಗೆ ಹಿಡಿಯಲು ಬರುತ್ತಿರಲಿಲ್ಲ. ಬಿತ್ತುವ ದಿನ ಹಾಲಸಿದ್ದಪ್ಪ ಕೂರಿಗೆ ಹೊಡೆದ, ಯಮನೂರಪ್ಪ ಎಡಗೈಯಿಂದ ಬೀಜ ಬಿಟ್ಟ. ಗಜೇಂದ್ರಗಡಕ್ಕೆ ಹೋದಾಗಲೆಲ್ಲ ಹಾಲಸಿದ್ದಪ್ಪ ಮೈಮುನಬಿಯ ಮನೆಯ ಮುಂದೆ ನಿಂತು, "ಅಕ್ಕಾ, ನಿಮ್ಮ ಹೊಲ ಉಳೀತು" ಎನ್ನುತ್ತಿದ್ದ. ನಾಲ್ಕನೆಯ ಸಲ ಅವಳು, "ಉಳದದ್ದು ನನಗೂ ಗೊತ್ತೈತಣ್ಣಾ, ಒಳಗ ಬಂದು ಚಾ ಕುಡಿ" ಎಂದು ಗದರಿದಳು.

ಕನಕಪ್ಪ ಡಿಸೆಂಬರಿನ ಮೊದಲ ವಾರದಲ್ಲಿ ಮನೆಗೆ ಬಂದ. ಈ ಸಲ ಯಾವ ಶಬ್ದದ ಆಸರೆಯೂ ಇಲ್ಲದೆ, ಸುಮ್ಮನೆ ಬಂದ.

ಫೆಬ್ರುವರಿಯಲ್ಲಿ ಜೋಳ ಕೊಯ್ಯುವ ಹಿಂದಿನ ದಿನ ಜಂಗ್ಲಿಸಾಬ ಹೊಲಕ್ಕೆ ಬಂದ. ಬಂದವನು ಸುಮ್ಮನಿರದೆ, ಅಪ್ಪ ಕುರಿ ತರುಬಿದ ಕಡೆಯ ಬೆಳೆ ಎತ್ತರವೋ, ಮಗ ತರುಬಿದ ಕಡೆಯದೋ ಎಂದು ಕೆಣಕಿದ. ಹಾಲಸಿದ್ದಪ್ಪ ಮಗನ ಕಡೆಯದೆಂದ. ಕನಕಪ್ಪ ಅಪ್ಪನ ಕಡೆಯದೆಂದ. ಕುರಿ ಎರಡೂ ಕಡೆ ಅವೇ ಅಲ್ಲವೇನು ಎಂದು ಮರಿಯವ್ವ ಬೈದಳು. ಸಿಂಪಿಗರ ಅಂಗಡಿಯಿಂದ ತಂದ ಟೇಪು ಜಂಗ್ಲಿಸಾಬನ ಕಿಸೆಯಲ್ಲೇ ಇತ್ತು. ಅದು ಒಮ್ಮೆಗೆ ಸಾಲದೆ, ಗುರುತು ಮಾಡಿ ಎರಡು ಸಲ ಹಿಡಿಯಬೇಕಾಯಿತು. ಬುಡವನ್ನು ಕನಕಪ್ಪ ಹಿಡಿದ. ತೆನೆಯ ತುದಿಯನ್ನು ಬಾಗಿಸಿ ಯಮನೂರಪ್ಪ ಹಿಡಿದುಕೊಂಡ, ಬಲಗೈಯಿಂದಲೇ. ಜಾಲಿಗಿಡದ ಆಚೆಯ ಬೆಳೆ ಆರು ಅಡಿ ಹನ್ನೊಂದು ಇಂಚು. ಈಚೆಯದು, ಕನಕಪ್ಪ ತಹಕೂಬದ ದಿನಗಳಲ್ಲಿ ಕುರಿ ತರುಬಿದ ಕಡೆಯದು, ಏಳು ಅಡಿ ನಾಲ್ಕು ಇಂಚು.